ಕವಿತೆ ಕೇಳಿಸದ ಕವಿಯ ಕಥೆ

ಹಳೆಯ ವಿದ್ಯಾರ್ಥಿಗಳು ಕೂಡಿ ನಮ್ಮ ವಿದ್ಯಾಸಂಸ್ಥೆಗೆ ಚಿತ್ರಪ್ರದರ್ಶನದ ಸಲಕರಣೆಗಳನ್ನು ಕಾಣಿಕೆಯಾಗಿ ಒಪ್ಪಿಸಿದ ಮೇಲೆ, ಪದವಿಪೂರ್ವ ತರಗತಿಯ ಮಕ್ಕಳಿಗೆ ವರ್ಷದಲ್ಲಿ ನಾಲ್ಕಾರು ಉತ್ತಮ ಚಲಚ್ಚಿತ್ರಗಳನ್ನು ತೋರಿಸತಕ್ಕದ್ದೆಂದೂ, ಅವು ಹೆಸರಾಂತ ಸಾಹಿತ್ಯಕೃತಿಗಳನ್ನು ಆಧರಿಸಿದವಾಗಿರತಕ್ಕದ್ದೆಂದೂ ನಿರ್ಣಯವಾಯಿತು. ಶ್ರೀಮಠದ ಪೂಜ್ಯರು ಸಂತೋಷದಿಂದ ಅಪ್ಪಣೆಯಿತ್ತರು. ಚಿತ್ರಗಳ ಆಯ್ಕೆಗಾಗಿ ಕೂಡಿದ ಅಧ್ಯಾಪಕರ ಸಭೆಯಲ್ಲಿ ಇಂಗ್ಲಿಷ್ ಪಾಠ ಹೇಳುವ ಮಿತ್ರರು ‘ಡಾಕ್ಟರ್ ಝಿವಾಗೋ’ ಎಂಬ ಹೆಸರನ್ನು ಸೂಚಿಸಿದೊಡನೆ ಸಭೆ ಇಬ್ಭಾಗವಾಯಿತು. ಮನೆಯಲ್ಲಿ ಸಾಧ್ವಿಯಾದ ಹೆಂಡತಿಯಿರಲು ಅನ್ಯಸ್ತ್ರೀಯಲ್ಲಿ ಅನುರಕ್ತನಾದವನ ಕಥೆಯನ್ನು ಮಠದ ಶಾಲೆಯ ಸಭಾಂಗಣದಲ್ಲಿ, ಅದೂ ಹದಿನಾರು ಹದಿನೇಳು ವಯಸ್ಸಿನ ಮಕ್ಕಳ ಮುಂದೆ, ತೋರಿಸುವುದೆಂದರೇನು ಎಂಬುದು ಒಂದು ಪಕ್ಷ. ಜಗತ್ತೇ ಮೆಚ್ಚಿದ ಚಿತ್ರವನ್ನು ನಮ್ಮ ಮಕ್ಕಳೇಕೆ ನೋಡಬಾರದು ಎಂಬುದು ಇನ್ನೊಂದು ಪಕ್ಷ. ಈ ಎರಡರ ನಡುವೆ ಸಂಧಾನಕ್ಕೆ ಹೊರಟ ಹಿರಿಯರೊಬ್ಬರು, ಪ್ರೇಮದ ಭಾಗವನ್ನು ಕತ್ತರಿಸಿ ಯುದ್ಧದ ಭಾಗವನ್ನಷ್ಟೇ ತೋರಿಸಿದರಾಯಿತೆಂದು ಸಲಹೆಯಿತ್ತರು.

ಹಳಗನ್ನಡ ಪಾಠ ಹೇಳುವ ನಾನು ಮೊದಲನೆಯ ಪಕ್ಷವನ್ನು ಸೇರುವೆನೆಂದು ಎಲ್ಲರೂ ಎಣಿಸಿದ್ದರೆಂದು ತೋರುತ್ತದೆ. ಚಿತ್ರವನ್ನು ಕತ್ತರಿಸದೆ ತೋರಿಸಬೇಕೆಂದು ನಾನು ಹೇಳಿದಾಗ ಕೆಲವರಿಗೆ ಆಶ್ಚರ್ಯವಾಯಿತು. ಆದರೆ ಚಿತ್ರವೊಂದನ್ನೇ ತೋರಿಸಿ ಮಕ್ಕಳನ್ನು ಮನೆಗೆ ಕಳುಹಿಸಿದರೆ ಅದು ಅರ್ಧವಿದ್ಯೆಯಾಗುವುದೆಂದು ಸೇರಿಸಿದಾಗ, ಸೂಚನೆಯನ್ನು ತಂದ ಮಿತ್ರರಿಗೂ ಅಸಮಾಧಾನವಾಯಿತು. ಅಂದು ಹೊತ್ತು ಸಾಲದೆ ಅರ್ಧಕ್ಕೆ ನಿಂತ ಮಾತನ್ನು ಈ ಸಂಚಿಕೆಯ ಸಂಪಾದಕರ ಸೌಜನ್ಯದಿಂದ ಇಲ್ಲಿ ಪೂರ್ತಿಗೊಳಿಸುತ್ತಿದ್ದೇನೆ. ಕಾಣಿಕೆ ನೀಡಿದವರೂ ಈ ಚರ್ಚೆಯನ್ನು ತಿಳಿಯುವುದು ಯುಕ್ತವಲ್ಲವೆ?

ಮೊದಲು ಗ್ರಂಥದ ಕಥೆ. ಬೊರಿಸ್ ಪಾಸ್ತರ್‌ನಾಕ್ ೧೮೯೦ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದ ಕವಿ. ಶೇಕ್ಸ್‌ಪಿಯರನ ನಾಟಕಗಳನ್ನೂ ಗಯಟೆಯ ‘ಫೌಸ್ಟ್’ ಕಾವ್ಯನಾಟಕವನ್ನೂ ರಷ್ಯನ್ ಭಾಷೆಗೆ ತಂದ ವಿದ್ವಾಂಸ. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಆರಂಭಿಸಿದ ಈ ಕಾದಂಬರಿಯನ್ನು ಮುಗಿಸಲು ಆತನಿಗೆ ಸುಮಾರು ಹತ್ತು ವರ್ಷಗಳು ಹಿಡಿದುವು. ೧೯೫೬ರಲ್ಲಿ ‘ನೋವಿ ಮೀರ್’ ಪತ್ರಿಕೆಯವರು ಅದನ್ನು ಪ್ರಕಟಿಸಲು ನಿರಾಕರಿಸಿದರು. ಅದೇ ವರ್ಷ ಪೆರೆದೆಲ್ಕಿನೋ ಎಂಬಲ್ಲಿದ್ದ ಕವಿಯ ಮನೆಗೆ ಬಂದ ಸೆರ್ಜಿಯೋ ಡಾಂಜೆಲೋ ಎಂಬ ಇಟಲಿಯವನು ಹಸ್ತಪ್ರತಿಯನ್ನು ಒಯ್ದು ಮಿಲಾನಿನ ಪ್ರಕಾಶಕ ಫೆಲ್ತ್ರಿನೆಲ್ಲಿಗೆ ತಲುಪಿಸಿದನು. ೧೯೫೭ರ ನವೆಂಬರಿನಲ್ಲಿ ರಷ್ಯನ್ ಕಾದಂಬರಿಯೊಂದು ಮೊತ್ತಮೊದಲು ಇಟಾಲಿಯನ್ ಭಾಷೆಯಲ್ಲಿ ಬೆಳಕು ಕಂಡಿತು. ಮರುವರ್ಷ ಅಕ್ಟೋಬರಿನಲ್ಲಿ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಒಂದು ವಾರ ಕಳೆಯುವುದರೊಳಗೆ ಕವಿ ಅದನ್ನು ನಿರಾಕರಿಸಬೇಕಾಯಿತು. ಲೇಖಕರ ಸಂಘ ಆತನನ್ನು ಹೊರಹಾಕಿತು. ತಾಯ್ನಾಡನ್ನು ಬಿಟ್ಟುಹೋಗುವುದು ತನಗೆ ಮರಣಸಮಾನವೆಂದು ಆತನು ಕ್ರುಶ್ಚೇವರಿಗೆ ಬರೆದುಕೊಂಡನು. ಆ ದಿನಗಳಲ್ಲಿ ನಮ್ಮ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಕವಿಯ ಪರವಾಗಿ ಬಹಿರಂಗವಾಗಿ ಮಾತನಾಡಿದುದನ್ನು ಇಲ್ಲಿ ಸ್ಮರಿಸಬೇಕು. ೧೯೬೦ರ ಮೇ ೩೦ರಂದು ಪಾಸ್ತರ್‌ನಾಕ್ ತೀರಿಕೊಂಡನು. ಲಾರಾ ಎಂಬ ಪಾತ್ರಕ್ಕೆ ಪ್ರೇರಣೆಯೆಂದು ಹೇಳಲಾಗುವ ಓಲ್ಗಾ ಇವಿನ್ಸ್ಕಾಯಾ ಎಂಬಾಕೆ, ೧೯೪೯ರಲ್ಲಿ ಒಮ್ಮೆ ಸೆರೆಯನ್ನು ಅನುಭವಿಸಿದ್ದವಳು, ಆತನ ಮರಣದ ಬಳಿಕ ಅದೇ ವರ್ಷ ಮತ್ತೆ ಸೆರೆಗೆ ಹೋದಳು. ಗ್ರಂಥವು ಸ್ವದೇಶದಲ್ಲಿ ಅಚ್ಚಾದುದು ೧೯೮೮ರಲ್ಲಿ, ಅಂದು ತಿರಸ್ಕರಿಸಿದ್ದ ಅದೇ ‘ನೋವಿ ಮೀರ್’ ಪತ್ರಿಕೆಯಲ್ಲಿ. ಪಾರಿತೋಷಕದ ಪದಕವನ್ನು ಮಗನು ಸ್ವೀಕರಿಸಿದುದು ೧೯೮೯ರಲ್ಲಿ.

ಹಸ್ತಪ್ರತಿಯೊಂದು ಕೈಯಿಂದ ಕೈಗೆ ದಾಟಿ ಉಳಿದ ಇಂತಹ ಕಥೆಯನ್ನು ಅರ್ಥಮಾಡಿಕೊಳ್ಳಲು ನಮ್ಮ ಓದುಗರಿಗೆ ವಿಶೇಷ ವ್ಯಾಖ್ಯಾನ ಬೇಕಾಗಿಲ್ಲ. ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಬೇಡಿ ತಂದು, ಓದಿ, ತಿದ್ದಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರ ಋಣ ನಮ್ಮ ಮೇಲಿದೆ.

ಇನ್ನು ಚಿತ್ರದ ವಿಷಯ. ಡೇವಿಡ್ ಲೀನ್ ಎಂಬ ಆಂಗ್ಲ ನಿರ್ದೇಶಕನು ೧೯೬೫ರಲ್ಲಿ ಇದನ್ನು ತೆರೆಗೆ ತಂದನು. ಚಿತ್ರಕಥೆ ರಾಬರ್ಟ್ ಬೋಲ್ಟನದು, ಸಂಗೀತ ಮೊರೀಸ್ ಜಾರನದು. ಓಮರ್ ಷರೀಫ್ ಯೂರಿ ಝಿವಾಗೋ ಆಗಿಯೂ, ಜೂಲಿ ಕ್ರಿಸ್ಟಿ ಲಾರಾ ಆಗಿಯೂ, ಜೆರಲ್ಡೀನ್ ಚಾಪ್ಲಿನ್ ಹೆಂಡತಿ ತೋನ್ಯಾ ಆಗಿಯೂ ನಟಿಸಿದ್ದಾರೆ. ಚಿತ್ರಕಥೆ, ಛಾಯಾಗ್ರಹಣ, ಸಂಗೀತ ಮೊದಲಾದುವಕ್ಕಾಗಿ ಐದು ಆಸ್ಕರ್ ಪಾರಿತೋಷಕಗಳು ಇದಕ್ಕೆ ಸಂದುವು. ರಷ್ಯಾದೇಶದಲ್ಲಿ ಚಿತ್ರೀಕರಣ ಅಸಾಧ್ಯವಾದುದರಿಂದ ಬಹುಭಾಗವನ್ನು ಸ್ಪೇನಿನಲ್ಲಿಯೂ, ಸ್ವಲ್ಪವನ್ನು ಫಿನ್ಲೆಂಡ್ ಮತ್ತು ಕೆನಡಾಗಳಲ್ಲಿಯೂ ಚಿತ್ರಿಸಿದರು. ವರಿಕಿನೋ ಎಂಬ ಹಳ್ಳಿಮನೆಯೊಳಗೆ ಕಾಣುವ ಮಂಜುಗಡ್ಡೆಯ ವೈಭವವೆಲ್ಲ ಜೇನುಮೇಣದ ಕೆಲಸವೆಂದು ತಿಳಿದಾಗ ನನಗೆ ನಗು ಬಂದಿತು. ಆದರೆ ನೋಡುವಾಗ ಮೈ ನಡುಗಿದುದು ನಿಜ. ಇದೇ ನಿರ್ದೇಶಕನು ಮುಂದೆ ಫಾರ್ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ೧೯೮೪ರಲ್ಲಿ ಚಿತ್ರವಾಗಿಸುವಾಗ ನಮ್ಮ ಸಾವನದುರ್ಗದ ಬಂಡೆಗಳಿಗೆ ಬಂದಿದ್ದನು. ನಮ್ಮ ಊರಿನ ಹಿರಿಯರು ಸಾವನದುರ್ಗವನ್ನು ವೀರಭದ್ರಸ್ವಾಮಿಯ ಕ್ಷೇತ್ರವೆಂದು ಬಲ್ಲರೇ ಹೊರತು ಮರಬಾರ್ ಗುಹೆಗಳೆಂದು ಬಲ್ಲರೆ?

ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತಾಯ್ತಂದೆಗಳಿಲ್ಲದ ಯೂರಿ ಒಂದು ಸುಸಂಸ್ಕೃತ ಮನೆಯಲ್ಲಿ ಬೆಳೆದು, ವೈದ್ಯನೂ ಕವಿಯೂ ಆಗಿ, ಜೊತೆಯಲ್ಲಿ ಬೆಳೆದ ತೋನ್ಯಾಳನ್ನು ಮದುವೆಯಾಗುತ್ತಾನೆ. ಬಡ ಹೊಲಿಗೆಯವಳ ಮಗಳಾದ ಲಾರಾ, ಕೊಮರೋವ್‌ಸ್ಕಿ ಎಂಬ ವಯಸ್ಸಾದ ವಕೀಲನ ಬಲೆಯಲ್ಲಿ ಸಿಲುಕಿ ನೊಂದು, ಅಂತಿಪೋವ್ ಎಂಬ ಆದರ್ಶವಾದಿ ತರುಣನ ಕೈಹಿಡಿಯುತ್ತಾಳೆ. ಮೊದಲನೆಯ ಮಹಾಯುದ್ಧದಲ್ಲಿ ಕಾಣೆಯಾದ ಗಂಡನನ್ನು ಹುಡುಕುತ್ತ ಅವಳು ದಾದಿಯಾಗಿ ಬಂದ ಶಿಬಿರದಲ್ಲಿ ಯೂರಿ ಸೇನಾವೈದ್ಯ. ಮುಂದೆ ಕ್ರಾಂತಿ, ಕ್ಷಾಮ, ಉರಾಲ್ ಪರ್ವತಗಳತ್ತ ವಲಸೆ; ಅಲ್ಲಿ ಮತ್ತೆ ಲಾರಾಳ ಭೇಟಿ. ಅಂತರ್ಯುದ್ಧದಲ್ಲಿ ಯೂರಿಯನ್ನು ಕೆಂಪು ಪಕ್ಷದ ಅರಣ್ಯಸೈನಿಕರು ಹಿಡಿದೊಯ್ಯುತ್ತಾರೆ. ತಪ್ಪಿಸಿಕೊಂಡು ಬರುವಷ್ಟರಲ್ಲಿ ಹೆಂಡತಿ ಮಕ್ಕಳು ದೇಶಾಂತರ ಹೋಗಬೇಕಾದ ಸ್ಥಿತಿ. ಮಂಜುಗವಿದ ಮನೆಯಲ್ಲಿ ಲಾರಾಳೊಡನೆ ಕೆಲವೇ ದಿನಗಳ ಬಾಳು. ಆಮೇಲೆ ಅವಳನ್ನೂ ಕಳೆದುಕೊಂಡು ಆತನು ಮಾಸ್ಕೋದ ಬೀದಿಯಲ್ಲಿ ಎದೆಯೊಡೆದು ಸಾಯುತ್ತಾನೆ.

ಮೊದಲನೆಯ ಆಕ್ಷೇಪಕ್ಕೆ ಉತ್ತರ ಹೇಳುವುದು ನನಗೆ ಕಷ್ಟವಲ್ಲ. ಜನ್ನನು ೧೨೦೯ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಭಾಗಗಳನ್ನು ನಾನು ಇದೇ ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ರಾಣಿಯಾದ ಅಮೃತಮತಿ ಅರ್ಧರಾತ್ರಿಯಲ್ಲಿ ಕೇಳಿದ ಗಾನಕ್ಕೆ ಮರುಳಾಗಿ ವಿಕಾರರೂಪಿಯಾದ ಮಾವುತನನ್ನು ಸೇರುವ ಸಂದರ್ಭವನ್ನು ಪದ್ಯ ಬಿಡಿಸಿ, ಅಲಂಕಾರ ವಿವರಿಸಿ, ಪರೀಕ್ಷೆಗೆ ಪ್ರಶ್ನೆಯನ್ನೂ ಕೊಟ್ಟಿದ್ದೇನೆ. ಅದರಿಂದ ಯಾವ ಹುಡುಗನೂ ಕೆಟ್ಟನೆಂದು ಯಾವ ಪಾಲಕರೂ ಬಂದು ದೂರಲಿಲ್ಲ. ಹಳಗನ್ನಡದ ಬಂಧದಲ್ಲಿ ಅಡಗಿರುವುದರಿಂದ ಅದು ದೋಷವಲ್ಲ, ತೆರೆಯ ಮೇಲೆ ಕಾಣಿಸುವುದರಿಂದ ಇದು ದೋಷ ಎಂದರೆ, ಮಕ್ಕಳಿಗೆ ಪಾಠ ಅರ್ಥವಾಗುವುದಿಲ್ಲವೆಂಬ ಭರವಸೆಯ ಮೇಲೆ ನಾವು ಪಾಠ ಹೇಳುತ್ತಿದ್ದೇವೆಂದು ಒಪ್ಪಿದಂತಾಗುತ್ತದೆ. ಇದು ನನ್ನ ವೃತ್ತಿಗೆ ಬರುವ ಅವಮಾನ.

ಅಲ್ಲದೆ ಈ ಕಥೆಯಲ್ಲಿ ಅಪರಾಧವು ಅಪರಾಧವೆಂದೇ ಅರಿಯಲ್ಪಟ್ಟಿದೆ. ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುವೆನೆಂದು ನಿಶ್ಚಯಿಸಿ ಮನೆಯತ್ತ ಕುದುರೆಯೇರಿದ ದಿನವೇ ಯೂರಿ ಸೈನಿಕರ ಕೈಗೆ ಸಿಕ್ಕುತ್ತಾನೆ. ಕಾದಂಬರಿಯಲ್ಲಂತೂ ದಾರಿಯಲ್ಲಿ ಮನಸ್ಸು ಸಡಿಲಿ, ಇನ್ನೊಮ್ಮೆ ಲಾರಾಳನ್ನು ಕಂಡುಬರಬಹುದೆಂಬ ಯೋಚನೆ ಹುಟ್ಟಿದ ಬಳಿಕ ಈ ಸೆರೆ ಒದಗುತ್ತದೆ. ಒಪ್ಪಿಕೊಳ್ಳುವ ಅವಕಾಶ ಮತ್ತೆ ಬರಲಿಲ್ಲ. ತೋನ್ಯಾಳ ಕಡೆಯ ಪತ್ರವು ಬಂದು ತಲುಪುವಾಗ ತಿಂಗಳುಗಳು ಕಳೆದಿವೆ. ಆ ಪತ್ರದಲ್ಲಿ ಆಕೆ ಲಾರಾಳನ್ನು ಹಳಿಯುವುದಿಲ್ಲ. ತನಗೂ ಆಕೆಗೂ ಸ್ವಭಾವದಲ್ಲಿರುವ ಅಂತರವನ್ನಷ್ಟೇ ಹೇಳಿ, ಆಕೆ ಒಳ್ಳೆಯವಳೆಂದು ಒಪ್ಪುತ್ತಾಳೆ. ಅದನ್ನೋದಿ ಯೂರಿ ಮೂರ್ಛೆಹೋಗುತ್ತಾನೆ. ಶಾಪವಿಲ್ಲದ ಪತ್ರವೇ ಅವನಿಗೆ ಶಾಪವಾಯಿತು. ಪತಿವ್ರತೆಯ ಮಹಿಮೆಯನ್ನು ಕುರಿತು ಭಾಷಣ ಮಾಡುವ ನಮ್ಮ ಮಿತ್ರರು ಈ ಪತ್ರವನ್ನು ಮಕ್ಕಳಿಂದ ಮರೆಮಾಡಲು ಏಕೆ ಬಯಸುತ್ತಾರೋ ನಾನರಿಯೆ.

ಇನ್ನೊಂದು ಸಂಗತಿಯನ್ನು ಆಕ್ಷೇಪಿಸುವವರ ಗಮನಕ್ಕೆ ತರಬೇಕು. ಕಾದಂಬರಿಯಲ್ಲಿ ಯೂರಿ ಕಡೆಯ ವರ್ಷಗಳಲ್ಲಿ ಮರೀನಾ ಎಂಬ ಮೂರನೆಯವಳೊಡನೆ ಸಂಸಾರ ಹೂಡುತ್ತಾನೆ. ಇಬ್ಬರು ಹೆಣ್ಣುಮಕ್ಕಳೂ ಆಗುತ್ತಾರೆ. ಚಿತ್ರವು ಆಕೆಯನ್ನು ಸಂಪೂರ್ಣವಾಗಿ ಕೈಬಿಟ್ಟಿದೆ. ಆದಿಕವಿ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆಮಾಡಿದನಲ್ಲವೆ? ಅಂತೂ ಮೂಲಗ್ರಂಥಕ್ಕಿಂತ ಚಿತ್ರವೇ ಹೆಚ್ಚು ಮಡಿವಂತಿಕೆಯದು.

ಇಲ್ಲಿಂದ ಮೂಲನಿಷ್ಠೆಯ ಪ್ರಶ್ನೆ ಏಳುತ್ತದೆ. ಕಾದಂಬರಿಯನ್ನು ಓದಿದವರು ಚಿತ್ರವನ್ನು ನೋಡಿ, ‘ಅದಿಲ್ಲ, ಇದಿಲ್ಲ’ ಎಂದು ಲೆಕ್ಕ ಒಪ್ಪಿಸುವುದು ವಾಡಿಕೆ. ನಮ್ಮ ಲಾಕ್ಷಣಿಕರು ಈ ವಿಷಯದಲ್ಲಿ ಬಹು ಉದಾರರು. ರಸಕ್ಕೆ ಅನುಕೂಲವಲ್ಲದ ಇತಿವೃತ್ತವನ್ನು ಬಿಟ್ಟು, ಅನುಕೂಲವಾದುದನ್ನು ಕಲ್ಪಿಸಿಕೊಳ್ಳಲು ಕವಿಗೆ ಆನಂದವರ್ಧನನು ಅಧಿಕಾರವಿತ್ತಿದ್ದಾನೆ. ಕುಂತಕನು ಇನ್ನೂ ಮುಂದೆ ಹೋಗಿ, ಮೂಲಕಥೆಯ ರಸವನ್ನೇ ಬದಲಿಸಿ ಬೇರೊಂದು ರಸದಲ್ಲಿ ನಿರ್ವಹಿಸುವುದನ್ನು ಪ್ರಬಂಧವಕ್ರತೆಯ ಒಂದು ಬಗೆಯೆಂದು ಹೊಗಳಿದ್ದಾನೆ. ಶಾಂತರಸಪ್ರಧಾನವಾದ ಮಹಾಭಾರತದ ಕಥೆಯನ್ನು ವೀರರಸಕ್ಕೆ ತಿರುಗಿಸಿದ ‘ವೇಣೀಸಂಹಾರ’ ಅವನ ಉದಾಹರಣೆಗಳಲ್ಲೊಂದು. ಈ ದೃಷ್ಟಿಯಿಂದ ನೋಡಿದರೆ, ಲೀನನು ಮಾಡಿದುದು ಅದನ್ನೇ. ಪಾಸ್ತರ್‌ನಾಕನ ಗ್ರಂಥದಲ್ಲಿ ಅಂಗಿರಸವು ಶೃಂಗಾರವಲ್ಲ. ರಾಜ್ಯಗಳು ಉರುಳಿ, ಸಿದ್ಧಾಂತಗಳು ಗರ್ಜಿಸಿ, ಕುಟುಂಬಗಳು ಚದರಿ, ಕಡೆಗೆ ಉಳಿಯುವುದೇನು ಎಂಬ ಪ್ರಶ್ನೆಗೆ ಓದುಗನನ್ನು ತಂದು ನಿಲ್ಲಿಸುವ ಆ ಗ್ರಂಥದ್ದು ಶಾಂತವೇ ಎಂದು ನನ್ನ ಅಭಿಪ್ರಾಯ. ಚಿತ್ರವಾದರೋ ವಿಪ್ರಲಂಭ ಶೃಂಗಾರವನ್ನು ಮುಖ್ಯವಾಗಿರಿಸಿ, ಅದನ್ನು ಕರುಣದಲ್ಲಿ ಕೊನೆಗಾಣಿಸಿದೆ. ಇದು ತಪ್ಪಲ್ಲ, ಅಧಿಕಾರವುಳ್ಳವನು ಮಾಡಿದ ಆಯ್ಕೆ. ಆದರೆ ಆಯ್ಕೆಗೆ ತೆತ್ತ ಬೆಲೆಯನ್ನು ವಿಚಾರಿಸುವ ಹಕ್ಕು ಸಹೃದಯನಿಗೆ ಇದ್ದೇ ಇದೆ.

ಚಿತ್ರದ ಕಟ್ಟಡದಲ್ಲಿ ನನಗೆ ಬಹಳ ಮೆಚ್ಚಿಗೆಯಾದುದು ಅದರ ಸಿಂಹಾವಲೋಕನ ಕ್ರಮ. ಅಣೆಕಟ್ಟೊಂದರಲ್ಲಿ ದುಡಿಯುವ ತರುಣಿಯೊಬ್ಬಳನ್ನು ಯೂರಿಯ ಮಲಸೋದರನಾದ ಸೇನಾಧಿಕಾರಿ ಕರೆಸಿ, ನೀನು ಯಾರ ಮಗಳೆಂದು ವಿಚಾರಿಸುತ್ತ ಕಥೆಯನ್ನು ಹಿಂದಿನಿಂದ ಹೇಳತೊಡಗುತ್ತಾನೆ. ರನ್ನನು ಗದಾಯುದ್ಧದ ಘಟ್ಟದಲ್ಲಿ ನಿಂತು ಇಡೀ ಭಾರತವನ್ನು ಹಿಂದಿರುಗಿ ನೋಡಿದ ಬಗೆಯನ್ನು ಬಲ್ಲ ನಮ್ಮ ಮಕ್ಕಳಿಗೆ ಇದು ಅಪರಿಚಿತವೆನಿಸದು.

ಯುದ್ಧದ ಭಾಗಕ್ಕೆ ಬರೋಣ. ಅದನ್ನಷ್ಟೇ ತೋರಿಸಬೇಕೆಂದು ಸಂಧಾನಪಕ್ಷದವರು ಹೇಳಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ರಣಭೂಮಿಯನ್ನು ತೊರೆದು ಹೊರಟ ಸೈನಿಕರ ಮುಂದೆ ಅಧಿಕಾರಿಯೊಬ್ಬನು ನೀರಿನ ಪೀಪಾಯಿಯ ಮೇಲೆ ಹತ್ತಿ ವೀರಾವೇಶದಿಂದ ಭಾಷಣ ಮಾಡುತ್ತಾನೆ. ಕೇಳುವವರಲ್ಲಿ ಅರೆಮನಸ್ಸು ಮೂಡುತ್ತಿರುವಾಗಲೇ ಪೀಪಾಯಿಯ ಮುಚ್ಚಳ ಮುರಿದು ಆತನು ನೀರಿನೊಳಕ್ಕೆ ಬೀಳುತ್ತಾನೆ. ಗುಂಪು ಗೊಳ್ಳೆಂದು ನಗುತ್ತದೆ. ಆ ನಗೆ ಇನ್ನೂ ಮುಗಿದಿಲ್ಲ, ಒಬ್ಬನು ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕಾದಂಬರಿಯಲ್ಲಿ ಇದು ರೈಲುನಿಲ್ದಾಣದಲ್ಲಿ ನಡೆಯುತ್ತದೆ. ಚಿತ್ರದಲ್ಲಿ ತೆರೆದ ದಾರಿಯಲ್ಲಿ. ವೀರ, ಹಾಸ್ಯ, ಬೀಭತ್ಸ ಇವು ಮೂರೂ ಅರೆನಿಮಿಷದೊಳಗೆ ಒಂದರ ಮೇಲೊಂದು ಬೀಳುವ ಈ ಸನ್ನಿವೇಶದಲ್ಲಿ ಚಿತ್ರವು ಗ್ರಂಥಕ್ಕೆ ಎಳ್ಳಷ್ಟೂ ಕಡಿಮೆಯಿಲ್ಲ; ಕಣ್ಣಿಗೆ ಕಾಣುವುದರಿಂದ ಒಂದು ಗುಲಗಂಜಿ ತೂಕ ಹೆಚ್ಚೆಂದೇ ಹೇಳಬಹುದು. ಪೀಪಾಯಿಯ ಮುಚ್ಚಳ ಗಟ್ಟಿಯಾಗಿದ್ದರೆ ಆ ಅಧಿಕಾರಿ ಬದುಕುತ್ತಿದ್ದನೋ ಏನೋ.

ಅಂತರ್ಯುದ್ಧದ ಭಾಗದಲ್ಲಿ ಮಾತ್ರ ಚಿತ್ರ ಸೋತಿದೆ. ಬೆಳೆದು ನಿಂತ ಗೋಧಿಯ ಹೊಲವನ್ನು ದಾಟಿ ಬರುತ್ತಿರುವ ಶತ್ರುಗಳ ಮೇಲೆ ಅರಣ್ಯಸೈನಿಕರು ಗುಂಡಿನ ಮಳೆ ಸುರಿಸುತ್ತಾರೆ. ಹತ್ತಿರ ಹೋಗಿ ನೋಡಿದರೆ ಸತ್ತವರೆಲ್ಲ ಸೈನಿಕಶಾಲೆಯ ಎಳೆಯ ಹುಡುಗರು. ದೃಶ್ಯ ಮನಕಲಕುವಂತಿದೆ, ಅಧ್ಯಾಪಕನಾದವನಿಗಂತೂ ಹೆಚ್ಚಾಗಿ. ಆದರೆ ಯೂರಿ ಅಲ್ಲಿ ನೋಡುವವನು ಮಾತ್ರ. ಗ್ರಂಥದಲ್ಲಿ ಹಾಗಲ್ಲ. ಪಕ್ಕದಲ್ಲಿದ್ದ ದೂರವಾಣಿಯ ಸೈನಿಕನೊಬ್ಬನು ಸತ್ತುಬಿದ್ದಾಗ ವೈದ್ಯನಾದ ಯೂರಿ ಅವನ ಬಂದೂಕನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ. ಎದುರಿಗೆ ಬರುತ್ತಿರುವವರೆಲ್ಲ ತನ್ನಂತಹ ಮನೆಗಳಲ್ಲಿ ಬೆಳೆದ ತರುಣರು. ಅವರನ್ನು ಕೊಲ್ಲಲಾರದೆ, ಬಯಲಿನಲ್ಲಿದ್ದ ಒಂದು ಒಣಮರಕ್ಕೆ ಗುರಿಯಿಟ್ಟು ಹೊಡೆಯುತ್ತಾನೆ. ಎಷ್ಟು ಎಚ್ಚರವಹಿಸಿದರೂ ನಡುವೆ ಹಾಯ್ದವರಿಗೆ ಗುಂಡು ತಗಲುತ್ತದೆ. ಕದನ ಮುಗಿದ ಮೇಲೆ ನೋಡಿದರೆ, ಸತ್ತ ಸೈನಿಕನ ಕೊರಳಿನಲ್ಲಿ ತಾಯಿತದ ಚೀಲ. ಅದರೊಳಗೆ ಸವೆದು ತುಂಡಾದ ಕಾಗದದಲ್ಲಿ ಬೈಬಲಿನ ತೊಂಬತ್ತೊಂದನೆಯ ಕೀರ್ತನೆ, ಜನರ ಬಾಯಲ್ಲಿ ಅಪಭ್ರಂಶಗೊಂಡ ಪಾಠ. ಹೊಲದಲ್ಲಿ ಬಿದ್ದಿದ್ದ ಎದುರು ಪಕ್ಷದ ಹುಡುಗನ ಕೊರಳಿನಲ್ಲಿ ಬಂಗಾರದ ಕರಡಿಗೆ. ಅದರೊಳಗೂ ಅದೇ ಕೀರ್ತನೆ, ಅಚ್ಚಾದ ಶುದ್ಧಪಾಠ. ಗುಂಡು ಕರಡಿಗೆಗೆ ತಾಗಿ ಹಾರಿದ್ದರಿಂದ ಹುಡುಗ ಬದುಕಿದ್ದಾನೆ. ಯೂರಿ ಸತ್ತವನ ಬಟ್ಟೆಯನ್ನು ಬದುಕಿದವನಿಗೆ ತೊಡಿಸಿ, ತನ್ನವನೆಂದು ನಂಬಿಸಿ, ಶುಶ್ರೂಷೆ ಮಾಡಿ ಕಳುಹಿಸಿಕೊಡುತ್ತಾನೆ. ಹುಡುಗನು ತಾನು ಮರಳಿ ಹೋಗಿ ಇವರ ಮೇಲೆಯೇ ಯುದ್ಧ ಮಾಡುವೆನೆಂದು ಮುಚ್ಚುಮರೆಯಿಲ್ಲದೆ ಹೇಳಿ ಹೊರಡುತ್ತಾನೆ.

ಎದೆಯ ಮೇಲೆ ಕರಡಿಗೆಯನ್ನು ಧರಿಸಿ ಬೆಳೆದ ನಮಗೆ ಈ ಪುಟಗಳನ್ನು ಓದುವಾಗ ಕೈ ತಾನಾಗಿ ಎದೆಯತ್ತ ಹೋಗುತ್ತದೆ. ಇಷ್ಟಲಿಂಗವು ತಾಯಿತವಲ್ಲವೆಂಬುದನ್ನು ನಾನು ಬಲ್ಲೆ. ಆ ಚರ್ಚೆಗೆ ಇದು ಸ್ಥಳವಲ್ಲ. ನಾನು ಹೇಳಬಯಸುವುದಿಷ್ಟೆ: ಕೊಂದವನ ಎದೆಯ ಮೇಲೂ ಸತ್ತವನ ಎದೆಯ ಮೇಲೂ ಒಂದೇ ಪ್ರಾರ್ಥನೆಯಿದ್ದಿತೆಂಬ ಈ ಒಂದು ಸಂಗತಿ ಯುದ್ಧವನ್ನು ಕುರಿತು ಹೇಳುವಷ್ಟನ್ನು ಗೋಧಿಯ ಹೊಲದ ಹೆಣಗಳು ಹೇಳಲಾರವು. ಮೂರು ಗಂಟೆ ಇಪ್ಪತ್ತು ನಿಮಿಷಗಳ ಚಿತ್ರದಲ್ಲಿ ಇದಕ್ಕೆ ಐದು ನಿಮಿಷ ದೊರಕಲಿಲ್ಲ. ಪ್ರೇಮವನ್ನು ಕತ್ತರಿಸಿ ಯುದ್ಧವನ್ನು ತೋರಿಸೋಣವೆಂದವರಿಗೆ ಇದೇ ನನ್ನ ಉತ್ತರ. ಪ್ರೇಮವನ್ನು ತೆಗೆದರೆ ಇಲ್ಲಿ ಉಳಿಯುವ ಯುದ್ಧ ಅಲ್ಪ. ಯುದ್ಧವು ಏನನ್ನು ಸುಟ್ಟಿತೆಂದು ತಿಳಿಯಬೇಕಾದರೆ ಸುಟ್ಟುಹೋದ ಮನೆಯೊಳಗೆ ಒಮ್ಮೆ ಕುಳಿತಿರಬೇಕು.

ಕೊನೆಯ ಘಟ್ಟದಲ್ಲಿ ಗ್ರಂಥಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸ ಮಕ್ಕಳ ಚರ್ಚೆಗೆ ಬಹಳ ಒಳ್ಳೆಯ ವಿಷಯ. ಚಿತ್ರದಲ್ಲಿ ಯೂರಿ ಟ್ರಾಮ್ ಗಾಡಿಯಿಂದ ಹೊರಗೆ ನೋಡುತ್ತಾನೆ. ಬೀದಿಯಲ್ಲಿ ಲಾರಾ ನಡೆದುಹೋಗುತ್ತಿದ್ದಾಳೆ. ಇಳಿದು ಹಿಂದೆ ಓಡಿ, ಕೂಗಲಾರದೆ ಕುಸಿಯುತ್ತಾನೆ. ಆಕೆ ತಿರುಗಿಯೂ ನೋಡದೆ ಹೋಗುತ್ತಾಳೆ. ನೋಡುವವರ ಕಣ್ಣು ತುಂಬದಿರದು. ಗ್ರಂಥದಲ್ಲಿ ೧೯೨೯ರ ಆಗಸ್ಟ್ ತಿಂಗಳ ಸೆಕೆಯಲ್ಲಿ ಟ್ರಾಮ್ ಕೆಟ್ಟು ಕೆಟ್ಟು ನಿಲ್ಲುತ್ತ ಸಾಗುತ್ತಿದೆ. ಹೊರಗೆ ಒಬ್ಬ ಮುದುಕಿ ನಡೆಯುತ್ತ ಒಮ್ಮೆ ಹಿಂದಾಗುತ್ತಾಳೆ, ಒಮ್ಮೆ ಮುಂದಾಗುತ್ತಾಳೆ. ಬೇರೆ ಬೇರೆ ಹೊತ್ತಿಗೆ ಹೊರಟು ಬೇರೆ ಬೇರೆ ವೇಗದಲ್ಲಿ ಓಡುವ ರೈಲುಗಳ ಶಾಲೆಯ ಲೆಕ್ಕಗಳು ಯೂರಿಗೆ ನೆನಪಾಗುತ್ತವೆ. ಬಾಳಿನ ಓಟದಲ್ಲಿಯೂ ಯಾರು ಯಾರನ್ನು ಹಿಂದೆ ಹಾಕುವರೋ ಎಂದು ಯೋಚಿಸುತ್ತಿರುವಾಗಲೇ ಎದೆನೋವು ಬಂದು, ಕೆಳಗಿಳಿದು ಸಾಯುತ್ತಾನೆ. ಆ ಮುದುಕಿ ಹಿಂದೆ ಯುದ್ಧದ ದಿನಗಳಲ್ಲಿ ಅದೇ ಆಸ್ಪತ್ರೆಯಿದ್ದ ಮನೆಯಲ್ಲಿದ್ದ ಫ್ಲ್ಯೂರಿ ಎಂಬಾಕೆ. ಅವಳನ್ನು ಅವನು ಗುರುತಿಸಲಿಲ್ಲ, ಅವನನ್ನು ಅವಳೂ ಗುರುತಿಸಲಿಲ್ಲ. ತಾನು ಅವನನ್ನು ಮೀರಿ ಬದುಕಿದೆನೆಂಬುದನ್ನೂ ಅರಿಯದೆ ಆಕೆ ತನ್ನ ದಾರಿ ಹಿಡಿದು ಹೋಗುತ್ತಾಳೆ. ಇದು ಕಣ್ಣೀರು ತರಿಸುವುದಿಲ್ಲ. ಪುಸ್ತಕವನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕೂರಿಸುತ್ತದೆ. ಮೇಲೆ ನಾನು ಶಾಂತವೆಂದುದು ಇದನ್ನೇ.

ಇನ್ನು ನನ್ನ ಮುಖ್ಯವಾದ ದೂರು. ಈ ಚಿತ್ರದ ನಾಯಕನು ಕವಿ. ಅವನು ಕವಿಯೆಂದು ಎಲ್ಲರೂ ಹೇಳುತ್ತಾರೆ. ರಾತ್ರಿ ತೋಳಗಳ ಕೂಗಿನ ನಡುವೆ, ಹೆಪ್ಪುಗಟ್ಟುವ ಚಳಿಯಲ್ಲಿ ಅವನು ಬರೆಯುವುದನ್ನು ತೋರಿಸುತ್ತಾರೆ. ಬೆಳಗಾದಾಗ ಲಾರಾ ಅದನ್ನೋದಿ ಕಣ್ಣೀರಿಡುವುದನ್ನು ತೋರಿಸುತ್ತಾರೆ. ಅವನ ಉತ್ತರಕ್ರಿಯೆಗೆ ಬಂದ ಜನಸಂದಣಿಯನ್ನು ಕಂಡು ಮಲಸೋದರನೂ ಬೆರಗಾಗುತ್ತಾನೆ. ಆದರೆ ಇಡೀ ಚಿತ್ರದಲ್ಲಿ ನಮಗೆ ಅವನ ಒಂದೇ ಒಂದು ಪದ್ಯವೂ ಕೇಳಿಸುವುದಿಲ್ಲ! ಮೊರೀಸ್ ಜಾರನ ರಾಗವು ಬಾಲಲೈಕಾ ಎಂಬ ತಂತಿವಾದ್ಯದಲ್ಲಿ ಮತ್ತೆ ಮತ್ತೆ ಮೊಳಗಿ ಆ ತೆರವನ್ನು ತುಂಬುತ್ತದೆ. ರಾಗವು ಮಧುರವಾದುದೇ, ಎರಡು ದಿನ ನನ್ನ ಕಿವಿಯನ್ನು ಬಿಟ್ಟು ಹೋಗಲಿಲ್ಲ. ಆದರೂ ಅದು ಜಾರನ ಕೃತಿಯೇ ಹೊರತು ಝಿವಾಗೋನ ಕೃತಿಯಲ್ಲ. ಗಾಯಕನ ಕಥೆಯ ಚಿತ್ರದಲ್ಲಿ ಹಾಡು ಕೇಳಿಸದಿದ್ದರೆ ನಾವು ಸುಮ್ಮನಿರುತ್ತೇವೆಯೆ?

ಕಾದಂಬರಿಯ ಕೊನೆಯ ಭಾಗವೆಂದರೆ ಯೂರಿಯ ಇಪ್ಪತ್ತೈದು ಕವಿತೆಗಳು. ಅವನ ಇಬ್ಬರು ಗೆಳೆಯರು, ಎಷ್ಟೋ ವರ್ಷಗಳ ಬಳಿಕ, ಸಂಜೆಯ ಮಾಸ್ಕೋ ನಗರವನ್ನು ಕಿಟಕಿಯಿಂದ ನೋಡುತ್ತ ಅವನ ಬರಹಗಳ ಪುಸ್ತಕವನ್ನು ಓದುವಲ್ಲಿಗೆ ಗದ್ಯ ನಿಲ್ಲುತ್ತದೆ. ಪುಟ ತಿರುವಿದರೆ ಕವಿತೆಗಳು ಆರಂಭವಾಗುತ್ತವೆ. ಮೊದಲನೆಯದು ಹ್ಯಾಮ್ಲೆಟನ ಪಾತ್ರ ವಹಿಸಿ ರಂಗದ ಮೇಲೆ ಬಂದು ನಿಂತ ನಟನದು. ಕಡೆಯದು ಗೆತ್ಸೆಮನೆಯ ತೋಟದಲ್ಲಿನ ಯೇಸುವಿನದು. ಗದ್ಯಪದ್ಯಗಳ ಈ ಜೋಡಣೆಯನ್ನು ಚಂಪೂಸಂಪ್ರದಾಯದಲ್ಲಿ ಪಳಗಿದ ನಾವು ಕೂಡಲೆ ಮೆಚ್ಚಬಲ್ಲೆವು. ಇವು ಅನುಬಂಧವಲ್ಲ, ಅಲಂಕಾರವಲ್ಲ. ಹದಿನಾರು ಭಾಗಗಳ ಬಾಳಿಗೆ ಬಂದ ಹದಿನೇಳನೆಯ ಭಾಗದ ಫಲ.

ಒಂದು ಉದಾಹರಣೆ ಕೊಡುತ್ತೇನೆ. ಮಂಜು ಸುರಿಯುವ ರಾತ್ರಿ ಯೂರಿ ಗಾಡಿಯಲ್ಲಿ ಹಾದುಹೋಗುವಾಗ ಒಂದು ಕಿಟಕಿಯ ಗಾಜಿನ ಮೇಲೆ ಕಟ್ಟಿದ ಹಿಮವು ಒಳಗಿನ ಮೇಣದ ಬತ್ತಿಯ ಕಾವಿಗೆ ಕರಗಿ ಬೆಳಕಿನ ಕಂಡಿಯಾಗಿರುವುದನ್ನು ಕಾಣುತ್ತಾನೆ. ಒಳಗಿರುವವರು ಲಾರಾ ಮತ್ತು ಅಂತಿಪೋವ್ ಎಂದು ಅವನಿಗೆ ತಿಳಿಯದು. ಚಿತ್ರದಲ್ಲಿಯೂ ಈ ಬತ್ತಿಯಿದೆ, ಬಹು ಸುಂದರವಾಗಿದೆ. ಆದರೆ ಗ್ರಂಥದಲ್ಲಿ ಈ ಬತ್ತಿ ಆರುವುದಿಲ್ಲ. ಅದು ಮುಂದೆ ‘ಚಳಿಗಾಲದ ರಾತ್ರಿ’ ಎಂಬ ಕವಿತೆಯಾಗುತ್ತದೆ. ಕಡೆಯಲ್ಲಿ ಯೂರಿ ವಾಸವಾಗಿದ್ದ, ಅವನ ಶವವನ್ನು ಇರಿಸಿದ ಕೋಣೆಯೂ ಅದೇ ಕೋಣೆ. ಗಂಡನು ಹಿಂದೆ ವಾಸಿಸಿದ್ದ ಮನೆಯನ್ನು ನೋಡಿಹೋಗಲು ಆಕಸ್ಮಿಕವಾಗಿ ಬಂದ ಲಾರಾ, ಅಲ್ಲಿ ಯೂರಿಯ ಶವವನ್ನು ಕಾಣುತ್ತಾಳೆ. ಆ ಬತ್ತಿಯನ್ನು ಅವನು ಬೀದಿಯಿಂದ ಕಂಡಿದ್ದನೆಂಬುದು ಅವಳಿಗೆ ತಿಳಿದಿಲ್ಲ. ಓದುಗನಿಗೆ ಮಾತ್ರ ತಿಳಿದಿದೆ. ಚಿತ್ರವು ಬತ್ತಿಯನ್ನು ಹಚ್ಚಿ ಕವಿತೆಯನ್ನು ಮರೆತಿದೆ, ಕೋಣೆಯನ್ನೂ ಮರೆತಿದೆ. ಚಿತ್ರದ ಅಂತ್ಯದಲ್ಲಿ ತರುಣಿಯ ಬೆನ್ನಿನ ಮೇಲೆ ಅಜ್ಜಿಯ ಕಾಲದ ಬಾಲಲೈಕಾ ಇರುವುದನ್ನು ತೋರಿಸಿ, ಪ್ರತಿಭೆ ವಂಶದಲ್ಲಿ ಹರಿದುಬಂತೆಂದು ಸೂಚಿಸುತ್ತಾರೆ. ಜಾಣತನವೇ ಸರಿ. ಕವಿಯ ಪ್ರತಿಭೆ ರಕ್ತದಲ್ಲಿ ಹರಿದುಬಂದರೂ ಬರಬಹುದು, ಬಾರದಿದ್ದರೂ ಇರಬಹುದು. ಪದ್ಯದಲ್ಲಿ ಹರಿದುಬರುವುದಂತೂ ನಿಶ್ಚಯ.

ಆದುದರಿಂದ ಸಭೆಯ ಮುಂದೆ ನನ್ನ ಸೂಚನೆ ಹೀಗಿದೆ. ಚಿತ್ರವನ್ನು ಒಂದು ಚೌಕಟ್ಟನ್ನೂ ಕತ್ತರಿಸದೆ ತೋರಿಸಬೇಕು. ಚಿತ್ರದಲ್ಲಿಯೇ ಮಧ್ಯಂತರ ವಿರಾಮವಿರುವುದರಿಂದ ಎರಡು ಶನಿವಾರಗಳಲ್ಲಿ ಭಾಗಭಾಗವಾಗಿ ತೋರಿಸಿದರೆ ಹೊತ್ತಿನ ಆಕ್ಷೇಪವೂ ಉಳಿಯದು. ನಡುವಣ ವಾರದಲ್ಲಿ ಕನ್ನಡ ತರಗತಿಯ ಎರಡು ಅವಧಿಗಳನ್ನು ನಾನು ಬಿಟ್ಟುಕೊಡುತ್ತೇನೆ. ಒಂದರಲ್ಲಿ ಕರಡಿಗೆಯ ಪ್ರಸಂಗವನ್ನು ಓದುವುದು. ಇನ್ನೊಂದರಲ್ಲಿ ಕವಿತೆಗಳನ್ನು ಓದುವುದು. ಇಂಗ್ಲಿಷ್ ಪಾಠ ಹೇಳುವ ಮಿತ್ರರು ಜೊತೆಯಲ್ಲಿ ಕುಳಿತು ನೆರವಾಗುವುದಾಗಿ ಒಪ್ಪಿದ್ದಾರೆ. ಅಂದಿನ ಅಸಮಾಧಾನ ಈಗ ಉಳಿದಿಲ್ಲ.

ಇಂಗ್ಲಿಷ್ ಅನುವಾದಗಳನ್ನು ಪಕ್ಕಪಕ್ಕದಲ್ಲಿರಿಸಿಕೊಂಡು ಮೂರು ಕವಿತೆಗಳನ್ನು ನಾನು ಕನ್ನಡಕ್ಕೆ ತರಲು ಯತ್ನಿಸಿದ್ದೇನೆ. ಮೂಲದಲ್ಲಿರುವ ಪ್ರಾಸದ ಬಿಗಿಯನ್ನು ಉಳಿಸಲು ಹೋಗಿ ಮೊದಲು ಷಟ್ಪದಿಯಲ್ಲಿ ಕಟ್ಟಿದೆ. ಬತ್ತಿಯ ಬೆಳಕಿಗಿಂತ ಆದಿಪ್ರಾಸದ ಸದ್ದೇ ಹೆಚ್ಚಾಯಿತು. ಆಮೇಲೆ ಅದನ್ನು ಬಿಟ್ಟು ಸರಳ ರಗಳೆಯ ನಡೆಯಲ್ಲಿ ತಿದ್ದಿದ್ದೇನೆ. ಅದರ ಪ್ರತಿಗಳನ್ನು ಗ್ರಂಥಾಲಯದಲ್ಲಿ ಇರಿಸಲಾಗಿದೆ. ಅಧ್ಯಾಪಕ ಮಿತ್ರರೂ, ಸಮಾರಂಭಕ್ಕೆ ಬರುವ ಹಳೆಯ ವಿದ್ಯಾರ್ಥಿಗಳೂ ಓದಿ, ತಪ್ಪುಗಳನ್ನು ಅಂಚಿನಲ್ಲಿ ಗುರುತುಹಾಕಿ ಗ್ರಂಥಪಾಲಕರ ಕೈಯಲ್ಲಿ ಕೊಟ್ಟರೆ, ಚಿತ್ರಪ್ರದರ್ಶನಕ್ಕೆ ಮೊದಲೇ ತಿದ್ದಿಕೊಳ್ಳುತ್ತೇನೆ.